ಚಪ್ಪಟೆ ತಂತಿಯ ಸಂಚು

ನಾನು ಸಂಶಯದ ಮನುಷ್ಯ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ, ಅಲ್ಲಿ ಏನಾದರೂ ಚೆಲ್ಲಿದೆಯೇ ಎಂದು ಕೈಯಾಡಿಸಿ ನೋಡಿಯೇ ಕೂಡುವವನು. ರಾಯಬಾಗದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತ, ಪರೀಕ್ಷೆಗೆ ಬಂದವರ ತೋಳು, ಕಂಪಾಸು, ಚಪ್ಪಲಿ ತಪಾಸಿಸಿ ಹತ್ತಿಕೊಂಡ ರೋಗವಿದು ಎಂದು ನಾನು ಹೇಳಿಕೊಳ್ಳುತ್ತೇನೆ. ಹೆಂಡತಿ ಶೋಭಾ ಇದನ್ನು ಒಪ್ಪುವುದಿಲ್ಲ. ಅವಳನ್ನು ನೋಡಲು ಹೋದ ದಿನವೇ, ಮುಂದಿಟ್ಟ ಶಿರಾವನ್ನು ನಿಜವಾಗಿ ಮಾಡಿದವರು ಯಾರು ಎಂದು ನಾನು ಎರಡು ಸಲ ಕೇಳಿದ್ದೆನಂತೆ.

ಇಂಥವನಿಗೆ ಬೇಸ್ ಗಿಟಾರ್ ಹೇಳಿ ಮಾಡಿಸಿದ ವಾದ್ಯ. ಹಿಂದೆ ನಿಂತು ಎಲ್ಲರ ಬೆನ್ನು ನೋಡುತ್ತ ಬಾರಿಸಬಹುದು. ನಾಲ್ಕು ದಪ್ಪ ತಂತಿ, ಢುಂ ಢುಂ ಎಂಬ ಕೆಳದನಿ. ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ, ನಿಂತರೆ ಹಾಡು ಜೊಳ್ಳಾಗುತ್ತದೆ. ಹಾಗೆಂದು ನಾನು ನಂಬಿದ್ದೆ. ನಮ್ಮ ಆರ್ಕೆಸ್ಟ್ರಾ ರಜೆಯ ದಿನಗಳಲ್ಲಿ ಅಥಣಿ, ಕಾಗವಾಡ, ನಿಪ್ಪಾಣಿ ಕಡೆಯ ಮದುವೆಗಳಿಗೆ ಹೋಗುತ್ತಿತ್ತು. ಅರ್ಧ ಬೀಗರು ಮರಾಠಿ ಹಾಡು ಬೇಕೆಂದರೆ ಇನ್ನರ್ಧ ಕನ್ನಡ ಬೇಕೆನ್ನುವರು. ನಾವು ಹಿಂದಿ ಹಾಡಿ ಇಬ್ಬರನ್ನೂ ಸಮಾಧಾನ ಮಾಡುತ್ತಿದ್ದೆವು. ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಆ ಕಾಲದಲ್ಲಿ, ನಮ್ಮ ಕೀಬೋರ್ಡಿನ ಸುಕುಮಾರ ಹೊಸದೊಂದು ಕೀಬೋರ್ಡ್ ತಂದ. ಅವನು ಚಿಕ್ಕೋಡಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು, ಮಿತಭಾಷಿ. ಆ ಪೆಟ್ಟಿಗೆಯಲ್ಲಿ ಕೊಳಲಿತ್ತು, ತಬಲಾ ಇತ್ತು, ಬೇಸೂ ಇತ್ತು. ಎಡಗೈಯಿಂದ ಬಾರಿಸಿದರೆ ನನ್ನ ಜನ್ಮದ ಢುಂ ಢುಂ ಪೂರ್ತಿ ಅದರೊಳಗಿಂದಲೇ ಬರುತ್ತದೆ ಎಂದು ಗೊತ್ತಾದಂದಿನಿಂದ ಸುಕುಮಾರನ ನಗು ನನಗೆ ಸರಿ ಕಾಣಲಿಲ್ಲ.

ಹೀಗಿರುವಾಗ ಒಂದು ದಿನ ಅವನೇ ಹೊಸ ತಂತಿಗಳ ಪೊಟ್ಟಣ ಹಿಡಿದು ಮನೆಗೆ ಬಂದ. ಕೊಲ್ಹಾಪುರಕ್ಕೆ ಹೋದಾಗ ನನ್ನ ಸಲುವಾಗಿಯೇ ತಂದನಂತೆ. ನನ್ನ ಹಳೆಯ ತಂತಿಗಳು ಕಬ್ಬಿಣ ಉಜ್ಜುವ ಕಾನಸಿನ ಹಾಗೆ ಒರಟು, ಬೆರಳು ಜಾರಿಸಿದರೆ ಕಿರ್ರೆನ್ನುತ್ತಿದ್ದವು. ಇವು ಮೇಲೆ ಚಪ್ಪಟೆ ಪಟ್ಟಿ ಸುತ್ತಿದ, ನುಣುಪು ತಂತಿಗಳು. ದನಿ ದಪ್ಪ ಬರುತ್ತದೆ ಎಂದ. ಯಾಕೆ ತಂದಿರಬಹುದು ಎಂದು ಎರಡು ದಿನ ಯೋಚಿಸಿದೆ. ಕಾರಣ ಹೊಳೆಯದೆ ಮೂರನೆಯ ದಿನ ಹಾಕಿದೆ.

ಮರುದಿನ ಬೆಳಿಗ್ಗೆ ನೋಡಿದರೆ ತಂತಿಗಳು ಗಿಟಾರಿನ ಕುತ್ತಿಗೆಯಿಂದ ಮೇಲೆದ್ದು, ಅಡಿಯಲ್ಲಿ ಪೆನ್ಸಿಲ್ ತೂರುವಷ್ಟು ಸಂದಿಯಾಗಿತ್ತು. ಒತ್ತಿ ಒತ್ತಿ ಬೆರಳು ಕೆಂಪಾದವು. ಮೇಲಿನ ಸ್ವರಗಳಂತೂ ತಮ್ಮ ಜಾಗ ಬಿಟ್ಟು ಏರಿ ಕುಳಿತಿದ್ದವು. ಮೊದಲು ತಂತಿ ಮಾರಿದವನ ಮೇಲೆ ಸಂಶಯ ಬಂತು. ಆಮೇಲೆ, ಧೂಳು ಒರೆಸುವ ನೆಪದಲ್ಲಿ ಗಿಟಾರ್ ಮುಟ್ಟುವ ಶೋಭಾಳ ಮೇಲೆ. ಅವಳು ಸೌಟು ಹಿಡಿದೇ ಹೊರಗೆ ಬಂದದ್ದರಿಂದ ಆ ವಿಚಾರಣೆಯನ್ನು ಅರ್ಧಕ್ಕೆ ನಿಲ್ಲಿಸಿದೆ. ಉಳಿದವನು ಸುಕುಮಾರ.

ಅಳತೆಪಟ್ಟಿ ಇಟ್ಟು ನೋಡಿದೆ. ಕುತ್ತಿಗೆ ಬಿಲ್ಲಿನ ಹಾಗೆ ಬಾಗಿತ್ತು. ತಂತಿಗಳ ಕೆಳತುದಿಯನ್ನು ಎತ್ತಿ ಹಿಡಿಯುವ ಬ್ರಿಜ್ಜಿನ ತಿರುಪು ತಿರುವಿ ತಂತಿಗಳನ್ನು ಇಳಿಸಿದರೆ ತುದಿಯ ಸ್ವರಗಳು ಝರ್ರೆಂದವು, ನಡುವಿನ ಎತ್ತರ ಹಾಗೇ ಉಳಿಯಿತು. ಕುತ್ತಿಗೆಯೊಳಗೆ ಒಂದು ಕಬ್ಬಿಣದ ಸರಳಿದೆ, ಅದನ್ನು ತಿರುವಲು ಎಲ್ ಆಕಾರದ ಕೀಲಿಯಿದೆ ಎಂದು ಗೊತ್ತಿತ್ತು. ಯಾವ ಕಡೆ ತಿರುವಬೇಕೆಂದು ಗೊತ್ತಿರಲಿಲ್ಲ. ತಿರುವಿದೆ. ಬಿಲ್ಲು ಇನ್ನಷ್ಟು ಬಾಗಿತು. ಐನಾಪುರದ ಮದುವೆಗೆ ಮೂರೇ ದಿನ ಉಳಿದಿತ್ತು. ನನ್ನ ವಾದ್ಯ ಕೆಡಿಸಿ, ಎಡಗೈಯಿಂದ ನನ್ನ ಜಾಗ ನುಂಗುವ ಹಂಚಿಕೆ ಇದು ಎಂದು ಖಾತ್ರಿ ಮಾಡಿಕೊಂಡು, ಶಾಲೆ ಬಿಟ್ಟ ಮೇಲೆ ಗಿಟಾರ್ ಹೊತ್ತು ಚಿಕ್ಕೋಡಿಯ ಬಸ್ಸು ಹತ್ತಿದೆ.

ಸುಕುಮಾರ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಉದ್ದಕ್ಕೂ ನೋಡಿದ. "ತಂತಿ ಬದಲ್ ಮಾಡೀರಿ, ಸರಳಿನ ಬಿಗಿ ಬದಲ್ ಮಾಡಿಲ್ರಿ ಸರ್," ಎಂದ. ಈ ತಂತಿಗಳ ಎಳೆತ ಹೆಚ್ಚು, ಅದಕ್ಕೆ ತಕ್ಕಂತೆ ಒಳಗಿನ ಸರಳನ್ನೂ ಬಿಗಿ ಮಾಡಬೇಕು, ನಾನು ತಿರುವಿದ್ದು ಉಲ್ಟಾ ಎಂದು ಸಾವಕಾಶ ತಿಳಿಸಿ ಹೇಳಿದ. ಗಿಟಾರನ್ನು ಝೆರಾಕ್ಸ್ ಮಶೀನಿನ ಮೇಲೆ ಮಲಗಿಸಿ, ಬಲಗೈಯಲ್ಲಿ ಕೀಲಿ ಹಿಡಿದು, ಕುತ್ತಿಗೆ ಹಿಡಿದುಕೊಳ್ಳಲು ನನಗೆ ಹೇಳಿದ. ಮುರಿದರೆ ನನ್ನ ಕೈಯಲ್ಲೇ ಮುರಿಯಲಿ ಎಂಬ ಉಪಾಯ! ನೀನೇ ಹಿಡಿದುಕೋ, ಇನ್ನೊಂದು ಕೈ ಖಾಲಿ ಇದೆಯಲ್ಲ ಎಂದೆ.

ಅವನು ಕೀಲಿ ಕೆಳಗಿಟ್ಟ. "ಎಡಗೈ ಬೆರಳು ಮಡಚಂಗಿಲ್ರಿ ಸರ್. ಹ್ವಾದ ವರ್ಷ ಗಾಡಿ ಮ್ಯಾಲಿಂದ ಬಿದ್ದಾಗಿಂದ ಹಿಂಗ ಐತಿ."

ಅವನು ಬಿದ್ದ ಸುದ್ದಿ ನನಗೆ ಗೊತ್ತಿತ್ತು, ನಂಬಿರಲಿಲ್ಲ. ಆಗ ಎರಡು ಕಾರ್ಯಕ್ರಮಕ್ಕೆ ಬಾರದಿದ್ದಾಗ, ಬೇರೆ ಆರ್ಕೆಸ್ಟ್ರಾದಲ್ಲಿ ಬಾರಿಸಲು ಹೋಗಿರಬೇಕೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದವನು ನಾನೇ.

"ನಿಮ್ಮ ಬೇಸ್ ದಪ್ಪ ಕೇಳಿದ್ರ ನನ್ನ ಎಡಗೈ ಸುಮ್ಮನಿದ್ದದ್ದು ಯಾರಿಗೂ ತಿಳಿಯಂಗಿಲ್ಲ. ಅದಕ್ಕ ಆ ತಂತಿ ತಂದೆ," ಎಂದ. ಕೀಲಿಯನ್ನು ಮತ್ತೆ ಕೈಗೆ ತೆಗೆದುಕೊಂಡು, "ಯಾರಿಗೂ ಹೇಳಬ್ಯಾಡ್ರಿ ಸರ್," ಎಂದ.

ಹೇಳುವುದಿಲ್ಲ ಎಂದು ಮಾತು ಕೊಟ್ಟು, ನಾನು ಕುತ್ತಿಗೆ ಹಿಡಿದುಕೊಂಡೆ. ಅವನು ಕೀಲಿಯನ್ನು ಕಾಲು ಸುತ್ತು ತಿರುವುವನು, ಕಟ್ಟಿಗೆ ಹೊಂದಿಕೊಳ್ಳಲಿ ಎಂದು ಕಾಯುವನು, ಇಬ್ಬರೂ ಚಹಾ ಕುಡಿದು ಮತ್ತೆ ಕಾಲು ಸುತ್ತು. ಕುತ್ತಿಗೆ ನೆಟ್ಟಗಾದ ಮೇಲೆ, ನಾನು ಪೂರ್ತಿ ಇಳಿಸಿದ್ದ ತಂತಿಗಳನ್ನು ಒಂದಿಷ್ಟು ಎತ್ತಿ, ಬ್ರಿಜ್ಜಿನ ಮೇಲೆ ತಂತಿ ಕೂಡುವ ತುಂಡುಗಳನ್ನು ಹಿಂದೆ ಸರಿಸಿ ಮೇಲಿನ ಸ್ವರಗಳನ್ನೂ ಜಾಗಕ್ಕೆ ತಂದ. ಅಂಗಡಿಯಲ್ಲೇ ಇಟ್ಟಿದ್ದ ಅವನ ಕೀಬೋರ್ಡಿನ ಸ್ಪೀಕರಿಗೆ ಜೋಡಿಸಿ ಬಾರಿಸಿ ನೋಡಿದೆ. ಅಂಗಡಿಯ ಗಾಜು ಸಣ್ಣಗೆ ನಡುಗಿತು.

ಐನಾಪುರದಲ್ಲಿ ಆ ಭಾನುವಾರ ಬಾರಿಸಿದಷ್ಟು ಚೆಂದ ನಾನು ಮತ್ತೆಂದೂ ಬಾರಿಸಿಲ್ಲ. ಕೀಬೋರ್ಡ್ ಭಾರಿ ಆಯಿತು ಎಂದು ಬೀಗರು ಸುಕುಮಾರನ ಕೈ ಕುಲುಕಿ ಹೋದರು. ನನ್ನ ಕಡೆ ಯಾರೂ ನೋಡಲಿಲ್ಲ. ಜೀವನದಲ್ಲಿ ಮೊದಲ ಸಲ ಅದರಲ್ಲಿ ನನಗೆ ಯಾವ ಸಂಚೂ ಕಾಣಲಿಲ್ಲ.

ಮನೆಗೆ ಬಂದಾಗ ಗಿಟಾರ್ ಕೆಡಿಸಿದವರು ಕಡೆಗೂ ಸಿಕ್ಕರೇ ಎಂದು ಶೋಭಾ ಕೇಳಿದಳು. ಸುಕುಮಾರನಿಗೆ ಕೊಟ್ಟ ಮಾತಿತ್ತಲ್ಲ, ಚುಟುಕಾಗಿ ಮುಗಿಸಿದೆ: ಯಾರೂ ಕೆಡಿಸಿರಲಿಲ್ಲ, ತಪ್ಪು ಪೂರ್ತಿ ನನ್ನದೇ.

ಶೋಭಾ ಕೈಯಲ್ಲಿದ್ದ ಕೆಲಸ ಬಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಖರೇ ಹೇಳ್ರಿ," ಎಂದಳು. "ಏನ್ ಮುಚ್ಚಿಡಾಕತ್ತೀರಿ?"