ಹಂಪು ಬಂದರೆ ಇಳಿಯುವವಳು

ಬೆಂಗಳೂರಿನ ರಸ್ತೆಯುಬ್ಬುಗಳ, ಅಂದರೆ ಹಂಪುಗಳ ಬಗ್ಗೆ ಪಾಠ ಹೇಳುವ ಯೋಗ್ಯತೆ ಯಾರಿಗಾದರೂ ಇದ್ದರೆ ಅದು ನಮ್ಮಕ್ಕನಿಗೆ ಮಾತ್ರ. ರಸ್ತೆ ಹಾಕಿಸಿದ ಎಂಜಿನಿಯರಿಗೂ ಅಷ್ಟು ಗೊತ್ತಿರಲಾರದು! ಅವರು ಹಂಪನ್ನು ನಕ್ಷೆಯಲ್ಲಿ ನೋಡಿರಬಹುದು, ಕಾರಿನಲ್ಲಿ ಕೂತು ಹಾರಿಸಿರಬಹುದು. ನಮ್ಮಕ್ಕ ಒಂದೊಂದನ್ನೂ ನಡೆದು ದಾಟಿದ್ದಾಳೆ. ಇಪ್ಪತ್ತೈದು ವರ್ಷಕ್ಕೂ ಮೇಲೆ, ಬೈಕಿನಿಂದ ಇಳಿದು ಇಳಿದು.

ಸುಂಕದಕಟ್ಟೆಯ ಅವಳ ಮನೆಯಿಂದ ಅವಳು ಹೊಲಿಗೆ ಕೆಲಸ ಮಾಡುವ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಒಳರಸ್ತೆ ಹಿಡಿದು ಹೋದರೆ ಹನ್ನೊಂದು ಹಂಪು. ಬೆಳಿಗ್ಗೆ ಭಾವ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದರು. ದೂರದಲ್ಲಿ ಹಂಪು ಕಂಡರೆ ಸಾಕು, ಅವರ ಬೆನ್ನಿಗೆ ಎರಡು ಸಲ ತಟ್ಟು. ಭಾವ ನಿಲ್ಲಿಸಬೇಕು. ಅಕ್ಕ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಊಟದ ಡಬ್ಬಿಯ ಬ್ಯಾಗು ಹಿಡಿದು, ದೇವಸ್ಥಾನದ ಮೆಟ್ಟಿಲು ಹತ್ತುವವಳ ಹಾಗೆ ಹಂಪು ಹತ್ತಿ ಇಳಿಯುತ್ತಿದ್ದಳು. ಭಾವ ಖಾಲಿ ಬೈಕು ದಾಟಿಸಿ ಆಚೆ ಕಾಯುತ್ತಿದ್ದರು. ಮತ್ತೆ ಹತ್ತುತ್ತಿದ್ದಳು. ಮುಂದಿನ ಹಂಪಿಗೆ ಮತ್ತೆ ಎರಡು ತಟ್ಟು.

ದಾರಿಯಲ್ಲಿ ಹೂ ಮಾರುವವಳೊಬ್ಬಳು ದಿನಾ ನೋಡಿ ನೋಡಿ ತಡೆಯಲಾರದೆ ಕೇಳಿಯೇಬಿಟ್ಟಳಂತೆ. “ಏನಮ್ಮಾ, ಯಜಮಾನ್ರ ಮೇಲೆ ಕೋಪಾನಾ?”

“ಕೋಪ ಇಲ್ಲಮ್ಮ, ಬ್ಯಾಲೆನ್ಸ್ ಇಲ್ಲ,” ಅಂದಳಂತೆ ಅಕ್ಕ.

ಭಾವ ಬಹಳ ಸಮಾಧಾನದ ಮನುಷ್ಯ. ಅವರೂ ಒಂದು ದಿನ ಕೇಳಿದರು. “ಅಲ್ವೇ, ಹನ್ನೊಂದು ಸಲ ಹತ್ತಿ ಇಳಿಯೋ ಬದ್ಲು ನಡ್ಕೊಂಡೇ ಹೋಗ್ಬಹುದಲ್ಲ?”

“ನಡ್ಕೊಂಡು ಹೋದ್ರೆ ನಿಮ್ ಜೊತೆ ಹೋದಂಗಾಗುತ್ತಾ?”

ಮುಂದಿನ ಹಂಪಿಗೆ ಅವಳು ಬೆನ್ನು ತಟ್ಟುವ ಮೊದಲೇ ಭಾವ ಬೈಕು ನಿಲ್ಲಿಸಿದರು.

ಬೈಕಿನ ಹಿಂದೆ ಕೂತರೆ ಅವಳು ಕಲ್ಲು. ತಲೆ ತಿರುಗಿಸುವುದಿಲ್ಲ, ಮಾತಾಡುವುದಿಲ್ಲ. ಸೀನು ಬಂದರೂ ತಡೆದುಕೊಂಡು, ಇಳಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಸೀನುತ್ತಾಳೆ! ನಮ್ಮ ನೆಂಟರ ಯಾವ ಮದುವೆ ಮನೆಯಲ್ಲೂ ಅಕ್ಕನ ಹಂಪಿನ ಕತೆ ಬರದೆ ಊಟ ಮುಗಿಯುತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ಹಾಗೆ ಜೋರಾಗಿ ನಗುವುದಕ್ಕೆ ನನಗೊಂದು ಕಾರಣವಿತ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲೇತ್ ಮಿಷನ್ ಮುಂದೆ ನಿಂತವನು ನಾನು. ಬರೆಯುವುದು ನನ್ನ ಕೆಲಸವಲ್ಲ. ಆದರೂ ಆ ಕಾರಣವನ್ನು ಹೇಳಬೇಕೆಂದೇ ಕುಳಿತಿದ್ದೇನೆ.

ಆಗ ನನಗೆ ಹದಿನೆಂಟು, ಅಕ್ಕನಿಗೆ ಇಪ್ಪತ್ತೊಂದು. ಅವಳ ಮದುವೆಗೆ ಎರಡು ತಿಂಗಳಿತ್ತು. ನಾನು ಕೆಲಸಕ್ಕಿದ್ದ ವರ್ಕ್‌ಶಾಪಿನ ಮಾಲೀಕರು ಒಂದು ಬೆಳಿಗ್ಗೆ ಏನೋ ತರಲು ತಮ್ಮ ಬೈಕು ಕೊಟ್ಟು ಕಳಿಸಿದ್ದರು. ನಾನು ನೇರ ಮನೆಗೆ ಬಂದು, “ಬಾರಕ್ಕ, ಗಾರ್ಮೆಂಟ್ಸಿಗೆ ಬಿಡ್ತೀನಿ,” ಅಂದೆ. ಅವಳಿಗೆ ಎಷ್ಟು ಹೆಮ್ಮೆ! ಬೀದಿಯವರಿಗೆಲ್ಲ ಕಾಣುವ ಹಾಗೆ ಹತ್ತಿ ಕೂತಳು. ಆ ಕಾಲದಲ್ಲಿ ನನಗೆ ದಟ್ಟವಾದ ಕೂದಲಿತ್ತು. ಗಾಳಿಗೆ ಅದು ಕೆದರಿತು. ಬೈಕಿನ ಕನ್ನಡಿಯಲ್ಲಿ ಮುಖ ಕಂಡಿತು. ನಾನು ಜೇಬಿನಿಂದ ಬಾಚಣಿಗೆ ತೆಗೆದು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಕ್ರಾಪು! ಮುಂದೆ ಹಂಪು ಇತ್ತು. ನಾನು ನೋಡಲಿಲ್ಲ. ನೋಡುತ್ತಿದ್ದದ್ದು ನನ್ನನ್ನೇ.

ನನಗೆ ಮಂಡಿ ತರಚಿತು. ಅಕ್ಕನ ಎಡ ಮೊಣಕೈ ಮುರಿಯಿತು. ಇವತ್ತಿಗೂ ಅದು ಪೂರ್ತಿ ನೆಟ್ಟಗಾಗುವುದಿಲ್ಲ. ಮದುವೆಯ ಫೋಟೊದಲ್ಲಿ ನೋಡಿದರೆ ಎಡಗೈ ಸ್ವಲ್ಪ ಬಾಗಿಯೇ ಇದೆ, ಬಳೆಗಳೆಲ್ಲ ಒಂದೇ ಕಡೆ ಜಾರಿವೆ.

ಆಸ್ಪತ್ರೆಗೆ ಅಪ್ಪ ಓಡಿ ಬಂದರು. ನನ್ನನ್ನು ಕಂಡವರೇ ಕೈ ಎತ್ತಿದರು. ಆ ಕೈ ಕೆಳಗೆ ಬರುವಷ್ಟರಲ್ಲಿ ನನ್ನ ಬಾಯಿಂದ ಮಾತು ಬಂದುಬಿಟ್ಟಿತು. “ನಂದೇನೂ ತಪ್ಪಿಲ್ಲಪ್ಪ. ಹಂಪಿನ ಹತ್ರ ಅಕ್ಕ ಅಲ್ಲಾಡಿದ್ಲು. ಅವ್ಳಿಗೆ ಬ್ಯಾಲೆನ್ಸೇ ಇಲ್ಲ.”

ಅಪ್ಪ ಅಕ್ಕನ ಕಡೆ ನೋಡಿದರು. ಅವಳು ನೋವಿನಲ್ಲಿ ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಹೌದೇನೋಪ್ಪ. ನಾನೇ ಅಲ್ಲಾಡಿರ್ಬೇಕು.”

ಅಪ್ಪನ ಕೈ ಇಳಿಯಿತು. ನಾನು ಬಚಾವಾದೆ. ಅವತ್ತಿನಿಂದ ಅಕ್ಕ ಹಂಪು ಬಂದರೆ ಇಳಿಯತೊಡಗಿದಳು.

ಇಷ್ಟು ವರ್ಷದಲ್ಲಿ ನಿಜ ಹೇಳಲು ನನಗೆ ಬೇಕಾದಷ್ಟು ಸಂದರ್ಭಗಳಿದ್ದವು. ಅಪ್ಪ ತೀರಿಕೊಂಡ ಮೇಲಂತೂ ಹೊಡೆಯುವವರೂ ಇರಲಿಲ್ಲ. ಆದರೆ ಸುಳ್ಳು ಹಳೆಯದಾದಷ್ಟೂ ಅದನ್ನು ಹೊರಗೆ ತೆಗೆಯಲು ನಾಚಿಕೆ. ಅದಕ್ಕೇ ನಗುತ್ತಿದ್ದೆ.

ಹೋದ ವರ್ಷ ಭಾವನ ಕಣ್ಣು ಕೈಕೊಟ್ಟಿತು. ಎದುರಿಗಿದ್ದದ್ದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಡಾಕ್ಟರು ಬೈಕು ಮುಟ್ಟಬೇಡಿ ಅಂದರು. ಭಾವ ಎದುರಾಡಲಿಲ್ಲ. ಆದರೆ ಪ್ರತಿ ಭಾನುವಾರ ಬೈಕು ಒರೆಸಿ, ಸ್ಟಾರ್ಟ್ ಮಾಡಿ, ಐದು ನಿಮಿಷ ಅದರ ಸದ್ದು ಕೇಳಿಸಿಕೊಂಡು ಆಫ್ ಮಾಡುತ್ತಿದ್ದರು. ಕೊನೆಗೆ ಮಾರುವುದೆಂದಾಯಿತು. ಗಿರಾಕಿಯೊಬ್ಬ ಮನೆಗೆ ಬಂದ. ಭಾವ ಬೀಗದ ಕೈ ತರುತ್ತೇನೆಂದು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಅಕ್ಕ ಒಳಗೆ ಹೋಗಿ ನೋಡಿದಳು. ಭಾವ ಬೀಗದ ಕೈ ಹಿಡಿದು ಮಂಚದ ಮೇಲೆ ಕುಳಿತಿದ್ದರು. ಅಕ್ಕ ಹೊರಗೆ ಬಂದು ಗಿರಾಕಿಗೆ ಹೇಳಿದಳು.

“ಬೇಜಾರು ಮಾಡ್ಕೋಬೇಡಿ ಸಾರ್. ಮಾರಲ್ಲ. ನಾನೇ ಓಡಿಸ್ತೀನಿ.”

ನಲವತ್ತೆಂಟು ವರ್ಷ, ಹಂಪಿಗೆ ಇಳಿಯುವವಳು, ಗೇರಿನ ಬೈಕು! ನನ್ನ ಹೆಂಡತಿ, “ಸ್ಕೂಟಿನಾದ್ರೂ ಕಲೀರಿ ಅತ್ಗೆ, ಸುಲಭ,” ಅಂದಳು. “ಕಲಿಯೋದು ಸುಲಭಕ್ಕಲ್ಲಮ್ಮ. ಇವರು ಇದೇ ಗಾಡೀಲಿ ಹಿಂದೆ ಕೂರ್ಬೇಕು,” ಅಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿದಳು. “ನೀನೇ ಕಲಿಸ್ಬೇಕು ಕಣೋ. ನಂಗೆ ಬ್ಯಾಲೆನ್ಸ್ ಇಲ್ದಿರೋದು ನಿನಗೊಬ್ಬನಿಗೇ ಚೆನ್ನಾಗಿ ಗೊತ್ತು.”

ಅವಳು ಅದನ್ನು ಚುಚ್ಚಿ ಹೇಳಲಿಲ್ಲ. ನಂಬಿ ಹೇಳಿದಳು. ಅದಕ್ಕೇ ಚುಚ್ಚಿತು.

ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು, ಮಾಡಿಸಿದ್ದಾಯಿತು. ಮೊದಲ ವಾರ ಬೈಕು ಡಬಲ್ ಸ್ಟ್ಯಾಂಡಿನಿಂದ ಇಳಿಯಲೇ ಇಲ್ಲ. ಸಂಜೆ ಕೆಲಸದಿಂದ ಬಂದು ಅದರ ಮೇಲೆ ಹತ್ತಿ ಕೂತು, ಪೆಟ್ರೋಲ್ ಟ್ಯಾಂಕಿನ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು!

“ಏನಕ್ಕ ಇದು?”

“ಅದಕ್ಕೂ ನನ್ನ ತೂಕ ಗೊತ್ತಾಗ್ಲಿ ಕಣೋ. ಒಂದೇ ಸಲ ಓಡು ಅಂದ್ರೆ ಅದಾದ್ರೂ ಏನ್ ಮಾಡುತ್ತೆ?”

ಹೆಲ್ಮೆಟ್ಟಿನದು ಇನ್ನೊಂದು ಕತೆ. ಕತ್ತಿಗೆ ಅಭ್ಯಾಸವಾಗಲಿ ಎಂದು ಅಡುಗೆಮನೆಯಲ್ಲೂ ಹಾಕಿಕೊಳ್ಳುತ್ತಿದ್ದಳು. ಒಗ್ಗರಣೆ ಸಿಡಿದರೆ ಗಾಜು ಕೆಳಗೆ, ಉಪ್ಪು ನೋಡಬೇಕಾದರೆ ಗಾಜು ಮೇಲೆ. ಭಾವ, “ಮನೇಲಿ ಪೊಲೀಸ್ರು ಯಾರೂ ಇಲ್ಲ ಕಣೇ,” ಅಂದರೆ ಅವಳಿಗೆ ಕೇಳಿಸುತ್ತಲೂ ಇರಲಿಲ್ಲ.

ನಾಗರಬಾವಿ ಕಡೆ ಒಂದು ಖಾಲಿ ಮೈದಾನ ಹುಡುಕಿಕೊಂಡೆ. ಭಾನುವಾರ ಬೆಳಿಗ್ಗೆ ಅಲ್ಲಿ ಪಾಠ. ಹೋಗುವಾಗ ನಾನು ಓಡಿಸುವುದು, ಅವಳು ಹಿಂದೆ. ಹಂಪಿಗೆ ಇಳಿಯುವುದು ಇದ್ದೇ ಇತ್ತು. ಅವಳು ಮೊದಲ ಬಾರಿ ಚೂಡಿದಾರ್ ಹಾಕಿ, ಅದರ ಮೇಲೆ ಭಾವನ ಹಳೆಯ ಫುಲ್ ಶರ್ಟು ತೊಟ್ಟು ಬಂದಳು. ತೊಂದರೆ ಬಂದದ್ದು ಬಲಗಾಲಿನಿಂದ. ಗಾರ್ಮೆಂಟ್ಸಿನ ಕರೆಂಟ್ ಹೊಲಿಗೆ ಮಿಷನ್ನಿನಲ್ಲಿ ಕಾಲಿನ ಪೆಡಲು ಒತ್ತಿದರೆ ಅದು ಓಡುತ್ತದೆ. ಬೈಕಿನಲ್ಲಿ ಬಲಗಾಲು ಒತ್ತಿದರೆ ಬ್ರೇಕು! ನಾನು “ಹೋಗು, ಹೋಗು!” ಎಂದು ಕೂಗಿದಷ್ಟೂ ಅವಳು ಕಾಲು ಒತ್ತುತ್ತಾಳೆ, ಬೈಕು ಕೆಮ್ಮಿ ನಿಲ್ಲುತ್ತದೆ.

“ಮೂವತ್ತು ವರ್ಷದಿಂದ ಈ ಕಾಲು ಒತ್ತಿದ್ರೆ ಓಡಿದೆ ಕಣೋ. ಒತ್ತಿದ್ರೆ ನಿಲ್ಲೋ ಥರ ಯಾವನು ಮಾಡಿದ್ದು ಇದನ್ನ?”

ಮರುವಾರ ಬ್ರೇಕಿನ ಪೆಡಲಿಗೆ ಒಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟಿಕೊಂಡು ಬಂದಳು. ಅಲ್ಲಿಂದ ಕಾಲು ಮಾತು ಕೇಳಿತು. ನೋಡಿದ ಒಬ್ಬ ಮುದುಕರು, “ಬೈಕಿಗೂ ಹರಕೆ ಕಟ್ತಾರೇನಮ್ಮ?” ಎಂದು ಕೇಳಿ ಕೈಮುಗಿದು ಹೋದರು.

ಇನ್ನು ಲೈಸೆನ್ಸಿನ ಟೆಸ್ಟಿಗೆ ಎಂಟು ಹಾಕಬೇಕಲ್ಲ? ಕಾಲು ಊರದೆ ಎಂಟರ ಆಕಾರದಲ್ಲಿ ಬೈಕು ಸುತ್ತಿಸಬೇಕು. “ಮುಂದಿನ ವಾರಕ್ಕೆ ಎಂಟು ಹಾಕೋದು ಕಲಿ,” ಅಂದಿದ್ದೆ. ಮುಂದಿನ ವಾರ ಅವಳು ರಂಗೋಲಿ ಪುಡಿಯ ಡಬ್ಬಿ ತಂದಳು. ಅರ್ಧ ಗಂಟೆ ಬಗ್ಗಿ ಬಗ್ಗಿ ಮೈದಾನದ ತುಂಬ ದೊಡ್ಡ ಎಂಟು ಬರೆದು, ಬೈಕು ಹತ್ತಿ, ಗೆರೆ ತಪ್ಪದೆ ಹೋದಳು. ಹೋದಳು, ಬಳುಕಿ ತಿರುಗಿದಳು, ಹಾಗೇ ಹೋಗಿ ಮರಳಿನ ಗುಡ್ಡೆಗೆ ನುಗ್ಗಿದಳು! ಓಡಿಹೋಗಿ ನೋಡುತ್ತೇನೆ, ಅವಳು ಬರೆದದ್ದು ಕನ್ನಡದ ೮! ಅದು ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿದುಹೋಗುತ್ತದೆ. ತಿರುಗಿ ಬರುವ ದಾರಿ ಎಲ್ಲಿದೆ?

“ಅಕ್ಕ, ಇಂಗ್ಲಿಷ್ ಎಂಟು ಕಣಕ್ಕ!”

“ನೀನು ಕನ್ನಡದಲ್ಲಿ ಎಂಟು ಅಂದೆ, ನಾನು ಕನ್ನಡದಲ್ಲಿ ಹಾಕ್ದೆ. ಏಟು ಹಾಕು ಅಂದಿದ್ರೆ ಅದೂ ಹಾಕ್ತಿದ್ದೆ. ನಿನ್ ಬೆನ್ನಿಗೆ!”

ಮರಳು ಕೊಡವಿಕೊಂಡು ನಗುತ್ತಿದ್ದಳು. ಆ ಏಟು ನಿಜಕ್ಕೂ ಬೀಳಬಾರದೇ ಅನ್ನಿಸಿತು ನನಗೆ.

ಎರಡು ತಿಂಗಳಲ್ಲಿ ಅವಳು ಇಂಗ್ಲಿಷ್ ಎಂಟೂ ಹಾಕಿದಳು, ರಸ್ತೆಗೂ ಇಳಿದಳು. ಆದರೆ ಹಂಪು? ಹಂಪು ಬಂದರೆ ಈಗಲೂ ನಿಲ್ಲಿಸುತ್ತಾಳೆ. ಎಂಜಿನ್ ಆಫ್ ಮಾಡಿ, ಇಳಿದು, ಅಷ್ಟು ಭಾರದ ಬೈಕನ್ನು ಹಂಪಿನ ಮೇಲೆ ತಳ್ಳಿಕೊಂಡು ಹೋಗುತ್ತಾಳೆ! ಹಿಂದೆ ಹಾರ್ನು. ಡೆಲಿವರಿ ಬ್ಯಾಗಿನ ಒಬ್ಬ ನಿಲ್ಲಿಸಿ, “ಆಂಟಿ, ಪೆಟ್ರೋಲ್ ಖಾಲಿನಾ?” ಅಂದ.

“ಇಲ್ಲಪ್ಪ, ಹಂಪು.”

ಅವನಿಗೆ ಏನು ಅರ್ಥವಾಯಿತೋ, ಹೆಲ್ಮೆಟ್ಟಿನ ಒಳಗೇ ತಲೆ ಕೆರೆದುಕೊಳ್ಳಲು ನೋಡಿ ಹೋದ.

ಟೆಸ್ಟಿಗೆ ಒಂದು ವಾರವಿತ್ತು. ಆ ಭಾನುವಾರ ಮೈದಾನದಲ್ಲಿ ಪಾಠ ಮುಗಿದ ಮೇಲೆ ಅಕ್ಕ ಕಲ್ಲಿನ ಮೇಲೆ ಕೂತು ಹೆಲ್ಮೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಬೈಕು ಕೇಳ್ಕೊಂಡು ಬಂದಿದ್ದ ಆ ಗಿರಾಕಿಗೆ ಫೋನ್ ಮಾಡೋ. ಬೈಕು ತಗೊಂಡು ಹೋಗ್ಲಿ.”

“ಯಾಕಕ್ಕ? ಎಷ್ಟು ಚೆನ್ನಾಗಿ ಓಡಿಸ್ತಾ ಇದೀಯ!”

“ಹಂಪಿಗೆಲ್ಲಾ ಅವರನ್ನ ಇಳೀರಿ ಅನ್ನಕ್ಕಾಗುತ್ತಾ? ಕಣ್ಣು ಕಾಣದೋರು, ಪಕ್ಕದಲ್ಲಿ ಗಾಡಿ ಬಂದ್ರೆ? ಕೂರಿಸ್ಕೊಂಡೇ ಹೋಗಿ ನಾನು ಅಲ್ಲಾಡಿದ್ರೆ? ನನ್ನ ಕೈ ಮುರೀತು ಸರಿ. ಅವರ ಕೈ ಮುರಿಯೋ ಹಕ್ಕು ನನಗಿಲ್ಲ ಕಣೋ. ಬ್ಯಾಲೆನ್ಸ್ ಇಲ್ದೋಳು ಇದಕ್ಕೆಲ್ಲ ಆಸೆ ಪಡಬಾರ್ದು.”

ಅವಳ ಎಡಗೈ ಹೆಲ್ಮೆಟ್ಟಿನ ಮೇಲೆ ಬಾಗಿಕೊಂಡು ಬಿದ್ದಿತ್ತು. ನಾನು ಅದನ್ನೇ ನೋಡುತ್ತ ಹೇಳಿದೆ.

“ಅಕ್ಕ, ನೀನು ಅಲ್ಲಾಡ್ಲಿಲ್ಲ.”

“ಏನು?”

“ಅವತ್ತು. ನೀನು ಅಲ್ಲಾಡ್ಲೇ ಇಲ್ಲ. ನಾನು ಕನ್ನಡಿ ನೋಡ್ಕೊಂಡು ತಲೆ ಬಾಚ್ತಿದ್ದೆ. ಹಂಪು ನೋಡ್ಲಿಲ್ಲ. ಅಪ್ಪ ಹೊಡೀತಾರೆ ಅಂತ ನಿನ್ನ ಮೇಲೆ ಹಾಕ್ದೆ.”

ಮೈದಾನದಲ್ಲಿ ಯಾರೋ ಕ್ರಿಕೆಟ್ ಆಡುತ್ತಿದ್ದರು. ಒಂದು ಓವರ್ ಮುಗಿಯಿತು, ಇನ್ನೊಂದು ಶುರುವಾಯಿತು. ಅವಳು ತನ್ನ ಎಡ ಮೊಣಕೈಯನ್ನು ಬಲಗೈಯಲ್ಲಿ ಹಿಡಿದು ನಿಧಾನವಾಗಿ ಸವರಿದಳು. ಹೊಸದಾಗಿ ಸಿಕ್ಕಿದ ಯಾವುದನ್ನೋ ಮುಟ್ಟಿ ನೋಡುವ ಹಾಗೆ. ಆಮೇಲೆ ನನ್ನ ತಲೆಯ ಕಡೆ ನೋಡಿದಳು.

“ಬಾಚಣಿಗೇಲಿ?”

“ಹ್ಞೂಂ.”

“ಈ ತಲೇನಾ?”

ಈಗ ಅಲ್ಲಿ ಬಾಚಲು ಏನೂ ಉಳಿದಿಲ್ಲ. ನಾನು ತಲೆ ತಗ್ಗಿಸಿದೆ. ತಗ್ಗಿಸಿದರೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಆಮೇಲೆ ಹೊಳೆಯಿತು!

ಅವಳು ನಗಲಿಲ್ಲ. ಬೈಯಲೂ ಇಲ್ಲ. ಹೆಲ್ಮೆಟ್ಟು ಹಾಕಿ, ಪಟ್ಟಿ ಬಿಗಿದು, ಬೈಕು ಸ್ಟಾರ್ಟ್ ಮಾಡಿ, “ಹತ್ತು,” ಅಂದಳು. ಹತ್ತಿದೆ.

ಅಲ್ಲಿಂದ ಅವಳ ಮನೆಗೆ ಏಳು ಹಂಪು. ಮೊದಲನೆಯದು ಬಂತು. ಅಕ್ಕ ನಿಲ್ಲಿಸಿದಳು. ಹಿಂದೆ ತಿರುಗದೆ ಹೇಳಿದಳು.

“ಇಳಿ.”

ಇಳಿದೆ. ಅವಳು ಇಳಿಯಲಿಲ್ಲ. ಗೇರು ಹಾಕಿ, ಬೆನ್ನು ನೆಟ್ಟಗೆ ಮಾಡಿ, ನಿಧಾನವಾಗಿ ಹಂಪು ಹತ್ತಿದಳು. ಬೈಕು ಒಂದು ಸಲ ಮೇಲೆದ್ದು, ಒಂದು ಸಲ ಬಗ್ಗಿ, ಆಚೆ ಕಡೆ ಹೋಗಿ ನಿಂತಿತು. ನಲವತ್ತೈದು ವರ್ಷದ ಗಂಡಸು ನಾನು, ಬೀದಿಯವರ ಎದುರಿಗೆ ಹಂಪು ನಡೆದು ದಾಟಿ ಮತ್ತೆ ಹತ್ತಿದೆ. ಎರಡನೆಯದಕ್ಕೂ ಅದೇ. “ಇಳಿ.” ಮೂರನೆಯದಕ್ಕೂ ಅದೇ. ನಾಲ್ಕನೆಯ ಹಂಪಿನ ಹತ್ತಿರ ಟೀ ಕುಡಿಯುತ್ತಿದ್ದವರೊಬ್ಬರು, “ಏನಣ್ಣ, ಜಗಳಾನಾ?” ಎಂದು ಕೇಳಿದರು. ನಾನು ಹಂಪು ದಾಟಿ ಮತ್ತೆ ಬೈಕು ಹತ್ತಿದೆ. ಇಷ್ಟು ವರ್ಷ ಅವಳು ಎಷ್ಟು ಜನರಿಗೆ ಉತ್ತರ ಕೊಟ್ಟಿರಬಹುದು ಎಂದು ಲೆಕ್ಕ ಹಾಕಲು ನೋಡಿದೆ, ಆಗಲಿಲ್ಲ. ಐದಾಯಿತು, ಆರಾಯಿತು. ಪ್ರತಿ ಸಲವೂ ಅವಳು ಹಂಪಿನಾಚೆ ಎಂಜಿನ್ ಆಫ್ ಮಾಡದೆ ಕಾಯುತ್ತಿದ್ದಳು, ಭಾವ ಕಾಯುತ್ತಿದ್ದ ಹಾಗೆಯೇ.

ಏಳನೆಯದು ಅವಳ ಮನೆಯ ಬೀದಿಯಲ್ಲೇ. ಗೇಟಿನ ಹತ್ತಿರ ಭಾವ ನಿಂತಿದ್ದರು, ಬೈಕಿನ ಸದ್ದು ಬಂದ ಕಡೆ ಮುಖ ತಿರುಗಿಸಿಕೊಂಡು. ಬೈಕು ನಿಧಾನವಾಯಿತು. ಅವಳು ಹೇಳುವ ಮೊದಲೇ ಒಂದು ಕಾಲು ಕೆಳಗಿಟ್ಟೆ.

“ಕೂತ್ಕೊ,” ಅಂದಳು ಅಕ್ಕ.

“ಇಳೀತೀನಿ ಬಿಡಕ್ಕ.”

“ಕೂತ್ಕೊಳೋ. ಅಲ್ಲಾಡಿದ್ರೂ ಪರವಾಗಿಲ್ಲ.”

ಅವಳ ಮಾತಿನಂತೆ ಕೂತೆ. ಭಾವನ ಹಳೆಯ ಶರ್ಟಿನ ಅಂಚು ಹಿಡಿದುಕೊಂಡೆ. ಬೈಕು ಹಂಪು ಹತ್ತುವಾಗ ನಾನು ಅಲ್ಲಾಡಿದೆ. ಅಳುವವನು ಅಲ್ಲಾಡದೆ ಕೂರುವುದು ಹೇಗೆ? ಹೆಗಲು, ಬೆನ್ನು, ಮೈಯೆಲ್ಲ ಅಲ್ಲಾಡಿತು.

ಬೈಕು ಬೀಳಲಿಲ್ಲ.