ಮೊದಲ ಪಂಕ್ತಿಗೆ ನುಗ್ಗುವವರು

ನಮ್ಮ ಕಡೆ ಕಚೇರಿಗೆ ಹೋದವರು ಕೆಲಸವಾಗದೆ ವಾಪಸು ಬಂದರೆ ಯಾರೂ ಕಾರಣ ಕೇಳುವುದಿಲ್ಲ. 'ಸರ್ವರ್ ಇಲ್ವಂತೆ' ಎಂಬುದು 'ಮಳೆ ಇಲ್ವಂತೆ' ಎಂಬಷ್ಟೇ ಮಾಮೂಲಿ ಮಾತಾಗಿದೆ. ಆಮೇಲೆ ಬರುವ ಬೈಗುಳ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಯಾರೂ ಯೋಚಿಸಿರಲಾರರು. ಅದು ಬೀಳುವುದು ನನ್ನ ಮೇಲೆ. ಸರ್ವರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಶ್ರೀರಂಗಪಟ್ಟಣದ ಕ್ಷೌರದಂಗಡಿಯಲ್ಲಿ ಕತ್ತಿಯ ಕೆಳಗೆ ಕುತ್ತಿಗೆ ಕೊಟ್ಟು ಕೂತು, ಸರ್ವರ್‌ನವರನ್ನು ಉಗಿಯುವವರಿಗೆಲ್ಲ 'ಹೌದು ಹೌದು' ಎಂದು ದನಿಗೂಡಿಸಿದವನು ನಾನು.

ಇಂಥವನ ಪಾಲಿಗೆ ದೊಡ್ಡ ಕೆಲಸವೊಂದು ಬಂತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಡೈರಿಗಳಿಗೆ ಹಾಲು ಹಾಕುವವರೆಲ್ಲ ತಮ್ಮ ಹಾಲಿನ ಅಳತೆ, ಫ್ಯಾಟು ಎಲ್ಲವನ್ನೂ ಮೊಬೈಲಿನಲ್ಲೇ ನೋಡುವಂತಾಗಬೇಕು, ಅದಕ್ಕೆಷ್ಟು ಸರ್ವರ್ ಬೇಕು ಹೇಳು ಎಂದರು ನಮ್ಮ ಮೇಲಿನವರು. ಕಡಿಮೆ ಹೇಳಿದರೆ ಮೊದಲ ದಿನವೇ ಸರ್ವರ್‌ಗಳೆಲ್ಲ ಕೆಲಸ ನಿಲ್ಲಿಸಿ ಮಲಗಿ, ನಾಲ್ಕು ತಾಲ್ಲೂಕಿನಲ್ಲೂ ನನ್ನ ಮಾನ ಹರಾಜು. ಹೆಚ್ಚು ಹೇಳಿದರೆ ದುಂದುಗಾರನೆಂಬ ಬಿರುದು. ದಿನಕ್ಕೆ ಎಷ್ಟು ಜನ ನೋಡಬಹುದೆಂದು ಅಂದಾಜು ಮಾಡಿ, ಹಗಲು ರಾತ್ರಿಗೆ ಸಮನಾಗಿ ಹಂಚಿ, ಬಣ್ಣಬಣ್ಣದ ನಕ್ಷೆ ಬರೆದುಕೊಂಡು ಪಾಂಡವಪುರದ ಪುಟ್ಟತಾಯಕ್ಕನ ಹತ್ತಿರ ಹೋದೆ.

ಪುಟ್ಟತಾಯಕ್ಕ ನಮ್ಮ ಹಿರಿಯ ಎಂಜಿನಿಯರು. ಸರ್ವರ್‌ಗಳು ಮಲಗಿದ್ದನ್ನು ಅವರಷ್ಟು ಕಂಡವರು ನಮ್ಮಲ್ಲಿಲ್ಲ, ಹಾಗೆಂದು ಅವರೇ ಹೇಳಿಕೊಳ್ಳುತ್ತಾರೆ. ನಕ್ಷೆಯನ್ನು ಅತ್ತಿತ್ತ ತಿರುಗಿಸಿ, "ಬಣ್ಣ ಚೆಂದಾಗ್ ಬಳ್ದಿದ್ದೀಯ. ನಾಗಮಂಗಲದ ಹಸಗಳು ಮದ್ಯಾನ, ಸರೊತ್ತು ಅನ್ನದೆ ಹಾಲು ಕೊಡ್ತಾವೇನ್ಲಾ?" ಎಂದರು. ಹಾಲು ಕರೆಯುವುದು ಬೆಳಿಗ್ಗೆ, ಸಂಜೆ ಮಾತ್ರವೆಂಬುದು ನನ್ನ ನಕ್ಷೆಯಲ್ಲಿರಲಿಲ್ಲ. "ಭಾನುವಾರ ಕೆ.ಆರ್. ಪೇಟೇಲಿ ನಮ್ಮಣ್ಣನ ಮಗಳ ಬೀಗರೂಟ ಅದೆ. ಬಾ, ಅಲ್ಲಿ ಹೇಳ್ಕೊಡ್ತೀನಿ."

ಬೀಗರೂಟವೆಂದರೆ ಬಾಡೂಟ. ಬೆಳಗಿನ ತಿಂಡಿ ಬಿಟ್ಟೇ ಹೋದೆ. ಅಕ್ಕ ನನ್ನನ್ನು ಛತ್ರದ ಊಟದ ಮನೆಯ ಮೂಲೆಯಲ್ಲಿ ನಿಲ್ಲಿಸಿ, "ಉಣ್ಣಾಕಲ್ಲ, ನೋಡಾಕ್ ಕರ್ದಿವ್ನಿ. ಬಾಗ್ಲು ತಗೀತಾರೆ, ನೋಡು" ಎಂದರು. ತೆಗೆದರು. ಅದುವರೆಗೆ ಮರದಡಿ ಎಲೆಯಡಿಕೆ ಹಾಕಿಕೊಂಡು ಆರಾಮಾಗಿದ್ದ ಹಿರಿಯರೂ ಮೊದಲ ಪಂಕ್ತಿಗೇ ನುಗ್ಗಿದರು. ಜಾಗ ಸಿಗದವರು ಹೊರಗೆ ಹೋಗದೆ, ಉಣ್ಣುತ್ತಿದ್ದವರ ಹಿಂದೆ ಕುರ್ಚಿ ಹಿಡಿದು ನಿಂತರು.

"ಬರೋರೆಷ್ಟು ಅಂತ ಎಣಿಸ್ಬ್ಯಾಡ, ಒಟ್ಗೆ ನುಗ್ಗೋರೆಷ್ಟು ನೋಡು. ಹಿಂದೆ ನಿಂತವ್ರಲ್ಲ, ಅವರಿಂದ ಬಡ್ಸೋನಿಗೆ ದಾರಿಯಿಲ್ಲ, ಉಣ್ಣೋನ್ಗೆ ಏಳಾಕಾಗಾಕಿಲ್ಲ. ಸರ್ವರ್ ಮನೀಕೊಳ್ಳೋದು ಇಂಗೇಯ" ಎಂದರು ಅಕ್ಕ. ಆಮೇಲೆ ಅಡುಗೆಯ ಕಡೆ ಕರೆದೊಯ್ದು, ಏನೂ ಇಡದೆ ಸುಮ್ಮನೆ ಹಚ್ಚಿಟ್ಟ ಒಲೆಯೊಂದನ್ನು ತೋರಿಸಿದರು. ಯಾಕೆಂದೆ. "ಉರಿಯೋದೊಂದು ಕೆಟ್ಟೋದ್ರೆ?" ಎಂದರು.

ನಮ್ಮ ಕಸುಬಿನಲ್ಲಿ ಎಲ್ಲರೂ ಗೆದ್ದ ಕಥೆಯನ್ನಷ್ಟೇ ಹೇಳುತ್ತಾರೆ. ಈ ಹೆಂಗಸು ತನ್ನ ಸರ್ವರ್‌ಗಳು ಎಲ್ಲೆಲ್ಲಿ, ಯಾವಾಗ, ಯಾರು ನುಗ್ಗಿದ್ದಕ್ಕೆ ಮಲಗಿದವೆಂದು ಎಲ್ಲವನ್ನೂ ಅಲ್ಲೇ ನಿಂತು ಬಿಚ್ಚಿಟ್ಟರು. ನನಗೆ ಅವರ ಮೇಲೆ ಗೌರವ ಉಕ್ಕಿತು, ಹಸಿವೂ ಉಕ್ಕಿತು. ನನಗೆ ಸಿಕ್ಕಿದ್ದು ಕೊನೆಯ ಪಂಕ್ತಿ. ಮುದ್ದೆಯಿತ್ತು, ಸಾರಿತ್ತು, ತುಂಡುಗಳು ಮಾತ್ರ ಮೊದಲು ಕೂತವರ ಪಾಲಾಗಿದ್ದವು.

ಇಬ್ಬರೂ ಕೂತು, ಒಟ್ಟಿಗೆ ನುಗ್ಗುವವರನ್ನೇ ಎಣಿಸಿ, ಆ ಖಾಲಿ ಒಲೆಯಂತೆ ಒಂದು ಸರ್ವರ್ ಹೆಚ್ಚಿಗಿಟ್ಟು ಹೊಸದಾಗಿ ಲೆಕ್ಕ ಹಾಕಿದೆವು. ಶುರುವಾದ ದಿನ ಬೆಳಿಗ್ಗೆ ನಾಲ್ಕು ತಾಲ್ಲೂಕಿನ ಹಸುಗಳೂ ಎಂದಿನಂತೆ ಒಟ್ಟಿಗೆ ಹಾಲು ಕೊಟ್ಟವು, ಜನ ಒಟ್ಟಿಗೆ ಮೊಬೈಲು ತೆಗೆದರು. ಸರ್ವರ್ ಜಗ್ಗಲಿಲ್ಲ. ನನಗೆ ನಂಬಿಕೆ ಬರಲಿಲ್ಲ. ಲೆಕ್ಕ ತೆರೆಯುತ್ತದೋ ಇಲ್ಲವೋ ಎಂದು ಮತ್ತೆ ಮತ್ತೆ ಮೊಬೈಲಿನಲ್ಲೂ ಒತ್ತಿದೆ, ಕಂಪ್ಯೂಟರಿನಲ್ಲೂ ಒತ್ತಿದೆ, ಅಕ್ಕಪಕ್ಕದ ಮೇಜಿನವರಿಂದಲೂ ಒತ್ತಿಸಿದೆ. ಅಷ್ಟರಲ್ಲಿ ಅಕ್ಕನ ಫೋನು.

"ಎಲ್ಲಾ ಕಡೆ ನೆಟ್ಗೆ ನಡೀತಾ ಅದೆ. ನಿಮ್ಮ ಆಫೀಸಿಂದ ಮಾತ್ರ ಯಾರೋ ಒಂದೇ ಸಮ ಒತ್ತಾವ್ರಲ್ಲ, ಯಾರ್ಲಾ ಅದು?"

"ವಿಚಾರಿಸ್ತೀನಿ ಅಕ್ಕ" ಎಂದು ಮೆಲ್ಲಗೆ ಬೆರಳು ತೆಗೆದೆ.

"ಏನ್ ವಿಚಾರಿಸ್ತೀಯ. ನೀನು ಇಂಗಾಡ್ತೀಯ ಅಂತ ಗೊತ್ತಿದ್ದೇ ನಿನ್ನೂ ಸೇರ್ಸಿ ಲೆಕ್ಕ ಹಾಕಿದ್ದೆ ಕಣ್ಲಾ. ಉಣ್ಣೋರ ಕುರ್ಚಿ ಬುಟ್ಟು ಆಚೆಗೋಗು."