ಪಿಳ್ಳಾರಮ್ಮನ ಜೊತೆ ಒಂದು ವಾರ

ಇಂಗ್ಲಿಷ್ ನನಗೆ ಬಾಯಿಗಿಂತ ಕೈಯಲ್ಲಿ ಚೆನ್ನಾಗಿ ಬರುತ್ತದೆ. ಬರೆಯಲು ಹೇಳಿದರೆ ಮಗಳ ರಜೆ ಚೀಟಿಯಿಂದ ಹಿಡಿದು ಬ್ಯಾಂಕಿನ ಅರ್ಜಿಯವರೆಗೆ ತಪ್ಪಿಲ್ಲದೆ ಬರೆದುಕೊಡಬಲ್ಲೆ. ಪೇಪರ್ ಓದಿದರೆ ಅರ್ಥವಾಗುತ್ತದೆ. ಆದರೆ ಎದುರಿಗೆ ಯಾರಾದರೂ ನಿಂತು "ಹೌ ಆರ್ ಯೂ" ಅಂದರೆ ಸಾಕು, ಓದಿದ ಬಿ.ಎ. ಎಲ್ಲ ಒಟ್ಟಿಗೆ ಗಂಟಲಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಇದು ನನ್ನೊಬ್ಬಳ ಕಾಯಿಲೆ ಅಲ್ಲ, ನಮ್ಮ ಕಡೆ ಕನ್ನಡ ಮೀಡಿಯಂನಲ್ಲಿ ಓದಿದ ಎಷ್ಟೋ ಜನರಿಗೆ ಇದೆ. ಆದರೆ ಅವರಾರ ಗಂಡಂದಿರೂ ಮಾಲೀಕರ ಮುಂದೆ ನಿಂತು, "ನಮ್ಮ ಮನೆಯವರು ಬಿ.ಎ. ಸಾರ್, ಇಂಗ್ಲಿಷ್ ನೀರು ಕುಡಿದ ಹಾಗೆ" ಅಂತ ಹೇಳಿ ಬಂದಿಲ್ಲ. ನಮ್ಮವರು ಹೇಳಿ ಬಂದರು.

ಇದು ನಡೆದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಭದ್ರಾವತಿಯಲ್ಲಿ. ನಮ್ಮ ಮನೆ ನ್ಯೂ ಟೌನಿಗೆ ಅಂಟಿಕೊಂಡ ಹಾಗೆ ಇತ್ತು. ಇವರು ಊರಾಚೆಯ ಒಂದು ಸಣ್ಣ ಖಾಸಗಿ ಎರಕದ ಕಾರ್ಖಾನೆಯಲ್ಲಿ ಮೇಸ್ತ್ರಿ. ಆ ಕಾರ್ಖಾನೆಗೆ ಸ್ಪೇನ್ ದೇಶದಿಂದ ಒಂದು ಮೆಷಿನ್ ಬಂತು. ಮೆಷಿನ್ ಹಿಂದೆಯೇ ಅದನ್ನು ಕೂರಿಸಲು ಒಬ್ಬ ಎಂಜಿನಿಯರ್ ಬಂದ, ಅವನ ಹಿಂದೆ ಅವನ ಹೆಂಡತಿ ಬಂದಳು. ಅವರಿಗೆ ಮನೆ ಮಾಡಿಕೊಟ್ಟದ್ದು ನಮ್ಮ ಪಕ್ಕದಲ್ಲೇ. ಅವನ ಹೆಸರು ರಾಮೋನ್. ಬಂದ ದಿನವೇ ನಮ್ಮ ರಸ್ತೆಯವರು ಅವನನ್ನು ರಾಮಣ್ಣ ಮಾಡಿದರು. ಅವಳ ಹೆಸರು ಪಿಲಾರ್. ಎದುರುಮನೆಯ ಕನಕಮ್ಮ, ಮೂವತ್ತು ವರ್ಷದಿಂದ ಭದ್ರಾವತಿಯಲ್ಲೇ ಇದ್ದರೂ ತಮಿಳನ್ನು ಸ್ವಲ್ಪವೂ ಸವೆಯಗೊಡದ ಹೆಂಗಸು, ಆ ಹೆಸರು ಕೇಳಿ ಕೆನ್ನೆ ಕೆನ್ನೆ ತಟ್ಟಿಕೊಂಡಳು. "ಪಿಳ್ಳೈಯಾರಾ? ಅದು ನಮ್ಮ ಗಣಪತಿ ಹೆಸರಲ್ವಾ ಅಕ್ಕಾ!" ಅಲ್ಲಿಂದ ಅವಳು ಪಿಳ್ಳಾರಮ್ಮ ಆದಳು.

ಪಿಳ್ಳಾರಮ್ಮ ಬಂದ ಮೇಲೆ ಎರಡು ದಿನ ಬಾಗಿಲೇ ತೆಗೆಯಲಿಲ್ಲ. ಒಳಗೆ ಅಳುತ್ತಿದ್ದಾಳೆ ಅಂತ ಕನಕಮ್ಮ ವರದಿ ಕೊಟ್ಟಳು. ಕಾರ್ಖಾನೆಯಲ್ಲಿ ರಾಮಣ್ಣ ಮಾಲೀಕರಿಗೆ ನೇರವಾಗಿ ಹೇಳಿದನಂತೆ: ಒಂದು ವಾರ ನೋಡ್ತೀನಿ, ಹೆಂಡತಿಗೆ ಹಿಡಿಸದಿದ್ದರೆ ಇಬ್ಬರೂ ವಾಪಸ್ಸು, ಕಂಪನಿ ಬೇರೆ ಯಾರನ್ನಾದರೂ ಯಾವಾಗಲಾದರೂ ಕಳಿಸುತ್ತದೆ. ಆ ಮೆಷಿನ್ ನೋಡಿಕೊಳ್ಳುವ ಕೆಲಸ ಇವರಿಗೆ ಬರುವುದರಲ್ಲಿತ್ತು. ಹದಿನೈದು ವರ್ಷ ಕುಲುಮೆಯ ಬಿಸಿಯಲ್ಲಿ ನಿಂತವರಿಗೆ ಮೊದಲ ಸಲ ಫ್ಯಾನಿನ ಕೆಳಗೆ ಕುರ್ಚಿ ಸಿಗುವ ಕಾಲ. ಆ ಗಾಬರಿಯಲ್ಲೇ ಇವರು ಪಿಳ್ಳಾರಮ್ಮನ ಜೊತೆಗೆ ನನ್ನನ್ನು ಒಪ್ಪಿಸಿ ಬಂದದ್ದು, ನನ್ನ ಇಂಗ್ಲಿಷ್ ನೀರು ಕುಡಿದದ್ದು.

"ರೀ, ನನಗೆ ಮಾತಾಡೋಕೆ ಬರಲ್ಲ ಅಂತ ನಿಮಗೆ ಗೊತ್ತಿಲ್ವಾ?" ಅಂದೆ.

"ನನ್ನ ಹತ್ರ ಇಷ್ಟು ಮಾತಾಡ್ತೀಯಲ್ಲ ಮಾರಾಯ್ತಿ, ಅದನ್ನೇ ಇಂಗ್ಲಿಷ್‌ನಲ್ಲಿ ಮಾತಾಡು" ಅಂದರು.

ಸೋಮವಾರ ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಕಳಿಸಿ, ಒಂದು ಡಬ್ಬಿಯಲ್ಲಿ ಅವಲಕ್ಕಿ ಹಾಕಿಕೊಂಡು, ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸಿಕೊಂಡು ಹೋದೆ. ದಾರಿ ಅಂದರೆ ಒಂದು ಕಾಂಪೌಂಡ್ ಅಷ್ಟೆ, ಆದರೆ ಅದನ್ನು ನಾನು ಮೂರು ಸಲ ಸುತ್ತಿದೆ. ಬಾಗಿಲು ತೆರೆಯಿತು. ನನ್ನ ವಯಸ್ಸಿನವಳೇ, ಗುಂಡಗೆ, ಕೂದಲನ್ನು ಗಂಟು ಹಾಕಿಕೊಂಡವಳು, ಕಣ್ಣು ಕೆಂಪಾಗಿತ್ತು. ನಾನು ಕಣ್ಣು ಮುಚ್ಚಿಕೊಂಡು ಪಾಠ ಒಪ್ಪಿಸುವ ಹಾಗೆ ಹೇಳಿದೆ: "ಗುಡ್ ಮಾರ್ನಿಂಗ್ ಮೇಡಂ, ಐ ಆಮ್ ಯುವರ್ ನೇಬರ್, ಹೌ ಡು ಯು ಲೈಕ್ ಅವರ್ ಪ್ಲೇಸ್?"

ಅವಳು ನನ್ನನ್ನು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಆ ಮುಖವನ್ನು ನಾನು ಕನ್ನಡಿಯಲ್ಲಿ ಎಷ್ಟು ಸಲ ನೋಡಿಲ್ಲ! ಆಮೇಲೆ ಸಣ್ಣ ದನಿಯಲ್ಲಿ, "ಇಂಗ್ಲಿಷ್... ನೋ. ಸಾರಿ. ಲಿಟ್ಲ್ ಲಿಟ್ಲ್" ಅಂದಳು.

ನನಗಾದ ಸಂತೋಷವನ್ನು ಏನೆಂದು ಹೇಳಲಿ! ಬಿಳಿಯ ಬಣ್ಣದವರೆಲ್ಲ ಹುಟ್ಟುತ್ತಲೇ ಇಂಗ್ಲಿಷ್ ಮಾತಾಡುತ್ತಾರೆ ಅಂತ ನಾನು ಅಲ್ಲಿಯವರೆಗೆ ನಂಬಿದ್ದೆ. ಈ ಪುಣ್ಯಾತ್ಗಿತ್ತಿಗೆ ನನಗಿಂತ ಕಡಿಮೆ ಬರುತ್ತಿತ್ತು. ಅವಳ ಕೈ ಹಿಡಿದುಕೊಂಡು, "ಅಯ್ಯೋ ಬಿಡಿ, ಯಾರಿಗೆ ಬೇಕಾಗಿದೆ ಆ ಇಂಗ್ಲಿಷ್" ಅಂತ ಅಚ್ಚ ಕನ್ನಡದಲ್ಲಿ ಹೇಳಿದೆ. ಅವಳು ತನ್ನ ಭಾಷೆಯಲ್ಲಿ ನನಗಿಂತ ಜೋರಾಗಿ ಏನೋ ಹೇಳಿದಳು. ಅಲ್ಲಿಂದಾಚೆ ನಾವಿಬ್ಬರೂ ನಮ್ಮ ನಮ್ಮ ಭಾಷೆಯಲ್ಲೇ ಮಾತಾಡಿದೆವು. ಎಂಟಾಣೆ ಕೈಸನ್ನೆ, ನಾಲ್ಕಾಣೆ ಮುಖಭಾವ, ಉಳಿದದ್ದು ಊಹೆ. ಗಂಡಹೆಂಡಿರು ಇದಕ್ಕಿಂತ ಹೆಚ್ಚೇನು ಮಾಡುತ್ತಾರೆ?

ಅವಳ ಕಣ್ಣೀರಿನ ಕಾರಣ ಹಿತ್ತಲಿಗೆ ಹೋದಾಗ ಗೊತ್ತಾಯಿತು. ತಂತಿಯ ಮೇಲೆ ಅವಳ ಬಟ್ಟೆಯೆಲ್ಲ ಒಣಗುತ್ತಿತ್ತು, ಎಲ್ಲದರ ಮೇಲೂ ಎಣ್ಣೆಯ ಕಲೆ. ಪೆಟ್ಟಿಗೆಯಲ್ಲಿ ಊರಿಂದ ತಂದ ಬಾಟಲಿಯೊಂದು ಒಡೆದು ಹೋಗಿತ್ತು. ಕನಕಮ್ಮನನ್ನು ಕೂಗಿದೆ. ಅವಳು ಸೀಗೆಪುಡಿ, ಕಡಲೆಹಿಟ್ಟು ಎರಡನ್ನೂ ಹೊತ್ತು ತಂದಳು. ಮೂವರೂ ಸೇರಿ ಬಟ್ಟೆ ತಿಕ್ಕಿದೆವು. ಮಧ್ಯಾಹ್ನದ ಹೊತ್ತಿಗೆ ಪಿಳ್ಳಾರಮ್ಮ ಅವಲಕ್ಕಿ ತಿಂದು, ಕಣ್ಣಲ್ಲಿ ನೀರು ತಂದುಕೊಂಡು (ಇದು ಹಸಿಮೆಣಸಿನಕಾಯಿಯದು), ಗಡಿಯಾರ ತೋರಿಸಿ, ಎರಡು ಕೈ ಜೋಡಿಸಿ ಕೆನ್ನೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಅವರ ಹಳ್ಳಿಯಲ್ಲಿ ಮಧ್ಯಾಹ್ನವಾದರೆ ಅಂಗಡಿ ಮುಚ್ಚುತ್ತಾರಂತೆ, ಗಂಡಸರು ಹೊಲದಿಂದ ಬರುತ್ತಾರಂತೆ, ಊರಿಗೆ ಊರೇ ಮಲಗುತ್ತದಂತೆ.

ನನ್ನ ಮಧ್ಯಾಹ್ನದ ನಿದ್ದೆಯ ಮೇಲೆ ಮದುವೆಯಾದಾಗಿನಿಂದ ಆಗಿರುವ ಟೀಕೆಗಳನ್ನು ಇಲ್ಲಿ ಬರೆಯಲು ಜಾಗ ಸಾಲದು. ನಮ್ಮತ್ತೆಯವರಂತೂ ಬಂದ ನೆಂಟರಿಗೆಲ್ಲ ಅದನ್ನೊಂದು ರೋಗದ ಹಾಗೆ ವಿವರಿಸುತ್ತಿದ್ದರು. ಈಗ ನೋಡಿದರೆ ಒಂದು ದೇಶಕ್ಕೆ ದೇಶವೇ ನನ್ನ ಪರವಾಗಿ ನಿಂತಿತ್ತು. ಅವಳು ಮಂಚದ ಮೇಲೆ, ನಾನು ಅವಳು ಹಾಸಿಕೊಟ್ಟ ಚಾಪೆಯ ಮೇಲೆ, ನಾಲ್ಕು ಗಂಟೆಗೆ ಮಗಳು ಬಂದು ಬಾಗಿಲು ಬಡಿಯುವವರೆಗೆ ಎಚ್ಚರವಿಲ್ಲ.

ಸಂಜೆ ಇವರು ಕಾತರದಿಂದ ಕೇಳಿದರು. "ಏನೇ, ಏನು ಮಾಡಿದ್ರಿ?"

"ಮಲ್ಕೊಂಡಿದ್ವಿ."

ಇವರ ಮುಖ ನೋಡಲಾಗಲಿಲ್ಲ.

ಮಾರನೆಯ ದಿನ ಸೊಪ್ಪಿನವಳ ಕೂಗು ಕೇಳಿದ್ದೇ ತಡ, ಪಿಳ್ಳಾರಮ್ಮ ಬುಟ್ಟಿ ಹಿಡಿದು ಓಡಿಬಂದಳು. ಅವರ ಊರಿಗೆ ಬೆಳಿಗ್ಗೆ ಬ್ರೆಡ್ಡಿನ ವ್ಯಾನ್ ಹಾರ್ನ್ ಹಾಕುತ್ತಾ ಬರುತ್ತದೆ ಅಂತ ಬಾಯಲ್ಲಿ 'ಪೋಂ ಪೋಂ' ಮಾಡಿ ತೋರಿಸಿದಳು. ಸೊಪ್ಪಿನ ಕಂತೆಗಳ ಪಕ್ಕದಲ್ಲಿದ್ದ ಟೊಮೇಟೊ ಎತ್ತಿ ಒಂದೊಂದಾಗಿ ಮೂಸಿದಳು. ಸೊಪ್ಪಿನವಳು, "ಯಾಕಮ್ಮಾ, ಅದೇನು ಸೇವಂತಿಗೆಯಾ?" ಅಂದಳು. ಅವಳು ಮಾತ್ರ ಕಣ್ಣರಳಿಸಿ ನಕ್ಕಳು. ಬೆಳ್ಳುಳ್ಳಿ ತಗೊಂಡಳು, ಟೊಮೇಟೊ ತಗೊಂಡಳು. ಆಮೇಲೆ ನನ್ನ ಕಡೆ ತಿರುಗಿ, ತುಂಬ ದುಃಖದಿಂದ ಹೇಳಿದಳು: "ಅಸೈತೆ."

ನಾನು ದಂಗಾದೆ. "ಏನು ಆಸೆ ಐತೆ?" ಅಂದೆ.

"ಅಸೈತೆ!" ಅಂದಳು ಇನ್ನೂ ಜೋರಾಗಿ.

"ಆಸೆ ಐತೆ ಸರಿ, ಏನು ಆಸೆ ಐತೆ ಹೇಳಮ್ಮ!" ಅಂತ ಸೊಪ್ಪಿನವಳೂ ಸೇರಿಕೊಂಡಳು. ಎಷ್ಟು ಕೇಳಿದರೂ ಅದೊಂದೇ ಉತ್ತರ. ಬಸುರಿಯಿರಬಹುದು, ಏನೋ ಬಯಕೆ ಅಂತ ಕನಕಮ್ಮ ತೀರ್ಮಾನ ಕೊಟ್ಟಳು. ಇವರಿಗೆ ಹೇಳಿದೆ, ಬುಧವಾರ ಸಂಜೆ ಕಾರ್ಖಾನೆಯಿಂದ ಅರ್ಥ ಕೇಳಿಕೊಂಡು ಬಂದರು. ರಾಮಣ್ಣ 'ಆಲಿವ್ ಆಯಿಲ್' ಅಂದಿದ್ದನಂತೆ. ಕುಲುಮೆಯ ಸದ್ದಿನಲ್ಲಿ ಇವರಿಗೆ ಕೇಳಿಸಿದ್ದು 'ಆಲ್ ಆಯಿಲ್'. "ಎಣ್ಣೆ ಬೇಕಂತೆ ಕಣೇ. ಎಲ್ಲಾ ಎಣ್ಣೆನೂ ಬೇಕಂತೆ" ಅಂದರು.

ಎಲ್ಲಾ ಎಣ್ಣೆ ಸಿಗುವ ಊರು ಅಂದರೆ ಶಿವಮೊಗ್ಗ. ಅದು ನನ್ನ ತವರು ಬೇರೆ. ಗುರುವಾರ ಇಬ್ಬರೂ ಬಸ್ಸಿನಲ್ಲಿ ಹೊರಟೆವು. ಬಜಾರಿನ ಎಣ್ಣೆ ಅಂಗಡಿಯ ಸಾಹೇಬರು ಬಹಳ ಸಜ್ಜನರು. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ, ಕೊನೆಗೆ ಹರಳೆಣ್ಣೆ, ಎಲ್ಲವನ್ನೂ ಅವಳ ಅಂಗೈಗೆ ಹನಿಹನಿ ಹಾಕಿದರು. ಅವಳು ಮೂಸಿ ಮೂಸಿ ತಲೆಯಾಡಿಸಿದಳು. "ಮೇಡಂಗೆ ಯಾವ ಎಣ್ಣೆಯೂ ಪಸಂದ್ ಇಲ್ಲ" ಅಂತ ಸಾಹೇಬರು ಬೇಜಾರಿನಿಂದ ಕೈ ಒರೆಸಿಕೊಂಡರು. ಬಿಸಿಲಿಗೆ, ನಾಲ್ಕು ಥರದ ಎಣ್ಣೆಯ ವಾಸನೆಗೆ ನನಗೆ ತಲೆನೋವು ಶುರುವಾಯಿತು. ದುರ್ಗಿಗುಡಿಯ ಅಮ್ಮನ ಮನೆಗೆ ಹೋಗಿ ಊಟ ಮಾಡೋಣ ಅಂತ ಹೊರಟವಳು, ದಾರಿಯಲ್ಲಿ ಮಾತ್ರೆಗೆಂದು ಒಂದು ಮೆಡಿಕಲ್ ಶಾಪಿನ ಮುಂದೆ ನಿಂತೆ.

ಹಿಂದಿನಿಂದ ಕಿರುಚಿದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಪಿಳ್ಳಾರಮ್ಮ ಗಾಜಿನ ಬೀರುವಿಗೆ ಮೂಗು ಒತ್ತಿಕೊಂಡು ನಿಂತಿದ್ದಾಳೆ. ಒಳಗೆ, ಹಾಲಿನ ಪುಡಿಗೂ ಗ್ರೈಪ್ ವಾಟರಿಗೂ ನಡುವೆ, ಒಂದು ಪುಟ್ಟ ತಗಡಿನ ಡಬ್ಬಿ. "ಅಸೈತೆ! ಅಸೈತೆ!" ಅಂದಳು. ಅಂಗಡಿಯವರು ಅದನ್ನು ತೆಗೆದುಕೊಡುತ್ತಾ ನನ್ನನ್ನು ಕೇಳಿದರು. "ಎಷ್ಟು ತಿಂಗಳ ಮಗು ಅಮ್ಮಾ?"

"ಮಗು ಅಲ್ಲ, ಅಡುಗೆಗೆ."

ಅವರು ಡಬ್ಬಿಯನ್ನು ಅರ್ಧ ಹಿಂದಕ್ಕೆಳೆದುಕೊಂಡರು. "ಇದು ಎಳೆಮಗು ಮೈಗೆ ಹಚ್ಚೋ ಆಲಿವ್ ಎಣ್ಣೆ ಕಣಮ್ಮ. ತಿನ್ನೋದಲ್ಲ."

ಅಷ್ಟರಲ್ಲಿ ಪಿಳ್ಳಾರಮ್ಮ ಡಬ್ಬಿ ಕಸಿದುಕೊಂಡು, ಅದರಲ್ಲಿ ಸಣ್ಣಕ್ಷರದಲ್ಲಿದ್ದ ತನ್ನ ದೇಶದ ಹೆಸರಿನ ಮೇಲೆ ಬೆರಳಿಟ್ಟು, ಒಮ್ಮೆ ನನಗೆ, ಒಮ್ಮೆ ಅಂಗಡಿಯವರಿಗೆ, ಒಮ್ಮೆ ಪಕ್ಕದಲ್ಲಿ ಕೆಮ್ಮಿನ ಔಷಧಿಗೆ ನಿಂತಿದ್ದ ಅಜ್ಜನಿಗೆ ತೋರಿಸಿದಳು. ಆಮೇಲೆ ಡಬ್ಬಿಯನ್ನು ಎದೆಗೊತ್ತಿಕೊಂಡು ಅಲ್ಲೇ ಅತ್ತುಬಿಟ್ಟಳು. ಅಂಗಡಿಯವರಿಗೆ ಏನರ್ಥವಾಯಿತೋ, ದನಿ ತಗ್ಗಿಸಿ, "ಪಾಪ, ಮಕ್ಕಳಾಗಿಲ್ವೇನೋ. ಆಗುತ್ತೆ ಬಿಡಿ, ಧೈರ್ಯ ಹೇಳಿ" ಅಂದರು. ನಾನು ಏನು ಅಂತ ವಿವರಿಸಲಿ? "ಹೇಳ್ತೀನಿ" ಅಂತ ತಲೆಯಾಡಿಸಿ ಅಲ್ಲಿದ್ದ ಡಬ್ಬಿಗಳನ್ನೆಲ್ಲ ಕಟ್ಟಿಸಿಕೊಂಡೆ. ತಲೆನೋವಿನ ಮಾತ್ರೆ ತಗೊಳ್ಳುವುದು ಮರೆತೇಹೋಯಿತು, ತಲೆನೋವೂ ಮರೆತುಹೋಗಿತ್ತು.

ಅಮ್ಮನ ಮನೆಯಲ್ಲಿ ಅವಳು ಊಟಕ್ಕೆ ಮುಂಚೆ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಟೊಮೇಟೊ ಉಜ್ಜಿ, ಮೇಲೆ ಉಪ್ಪು ಉದುರಿಸಿ, ಆ ಎಣ್ಣೆ ಸುರಿದು ನಮಗೂ ಕೊಟ್ಟಳು. ಅಮ್ಮ ದೂರದಿಂದಲೇ ಕೈ ಮುಗಿದು, "ನಿನ್ನ ಮಗಳ ಮೈಗೆ ತಿಕ್ಕಿದ ಎಣ್ಣೆ ಕಣೇ ಇದು, ಹೇಗೆ ತಿನ್ನಲಿ" ಅಂದಳು. ನಾನು ತಿಂದೆ. ಬಾಯಿಗಿಟ್ಟರೆ ಸೀದಾ ಮಗಳ ಬಾಣಂತನ! ಬಿಸಿನೀರಿನ ಹಂಡೆ, ಸಾಂಬ್ರಾಣಿ ಹೊಗೆ, ಎಣ್ಣೆ ಹಚ್ಚಿಸಿಕೊಂಡು ಕಾಲ ಮೇಲೆ ಮಲಗಿದ್ದ ಆ ಬೊಗಸೆಯಷ್ಟು ಕೂಸು. ಬ್ರೆಡ್ ತಿನ್ನುತ್ತಾ ಕಣ್ಣೊದ್ದೆ ಮಾಡಿಕೊಂಡ ನನ್ನನ್ನು ನೋಡಿ, ಕಾರಣ ಗೊತ್ತಿಲ್ಲದ ಪಿಳ್ಳಾರಮ್ಮ ಪಾಪ, ಇನ್ನೊಂದು ತುಂಡು ಮಾಡಿಕೊಟ್ಟಳು.

ಮಾರನೆಯ ದಿನ ರಾತ್ರಿ ಅವಳ ಮನೆಯಲ್ಲಿ ನಮಗೆ ಊಟ. ಆಲೂಗಡ್ಡೆ, ಮೊಟ್ಟೆ ಸೇರಿಸಿ ದಪ್ಪ ದೋಸೆಯ ಹಾಗೆ ಏನೋ ಮಾಡಿದ್ದಳು. ನಮ್ಮಲ್ಲಿ ಮೊಟ್ಟೆ ಇಲ್ಲ ಅಂತ ಹಿಂದಿನ ದಿನವೇ ಕೋಳಿಯ ಅಭಿನಯ ಮಾಡಿ ಹೇಳಿದ್ದೆ, ಹಾಗಾಗಿ ನನಗೆ ಬರೀ ಆಲೂಗಡ್ಡೆ. ಇವರು ಹಣೆಯಲ್ಲಿ ಮೂರು ಬೆರಳು ವಿಭೂತಿ ಇಟ್ಟುಕೊಂಡು ಕೂತಿದ್ದರು. ಮಾಲೀಕರ ಅತಿಥಿಗೆ ಬೇಸರವಾಗಬಾರದು ಅಂತ ತಟ್ಟೆ ಮುಂದೆ ಮಾಡಿ, ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು, "ಮೊಟ್ಟೆ ಸ್ವಲ್ಪ ಜಾಸ್ತಿ ಬೆಂದಿದೆ" ಅಂದರು.

ನಾನು ಕೈ ನಿಲ್ಲಿಸಿದೆ. "ಎಷ್ಟು ಬೇಯಬೇಕು ಅಂತ ನಿಮಗೆ ಹೇಗೆ ಗೊತ್ತು?"

ಕಾರ್ಖಾನೆಯ ಕ್ಯಾಂಟೀನಿನ ಹದಿನೈದು ವರ್ಷಗಳ ಇತಿಹಾಸ ಆವತ್ತು ಹೊರಬಿತ್ತು. ಜಗಳವಾಡಲು ಅಲ್ಲಿ ಜಾಗವಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಕರೆಂಟು ಹೋಗಿ, ರಸ್ತೆಯವರೆಲ್ಲ ಹೊರಗೆ ಬಂದಿದ್ದರು. ಪಿಳ್ಳಾರಮ್ಮ ಅದನ್ನು ಕಂಡು ಕುಣಿದಾಡಿದಳು. ಅವರ ಊರಲ್ಲೂ ಸಂಜೆ ಹೆಂಗಸರು ಕುರ್ಚಿ ಹಾಕಿಕೊಂಡು ಬೀದಿಯಲ್ಲೇ ಕೂರುತ್ತಾರಂತೆ. ಮನೆಯ ಕುರ್ಚಿಗಳನ್ನೆಲ್ಲ ತಂದು ರಸ್ತೆಗೆ ಹಾಕಿದಳು. ಅವಳೂ ಕನಕಮ್ಮನೂ ಎದುರುಬದುರು ಕೂತು, ಅವಳು ಸ್ಪ್ಯಾನಿಷ್‌ನಲ್ಲಿ, ಇವಳು ತಮಿಳಿನಲ್ಲಿ, ಕೈ ತಟ್ಟಿ ತಟ್ಟಿ ನಕ್ಕರು. ಏನು ಮಾತಾಡಿದಿರಿ ಅಂತ ಕೇಳಿದೆ. "ಸೊಸೆ ವಿಷಯ ಅಕ್ಕಾ" ಅಂದಳು ಕನಕಮ್ಮ. ಕರೆಂಟು ಬಂದಾಗ ಇಡೀ ರಸ್ತೆಗೆ ಬೇಜಾರಾಯಿತು.

ಭಾನುವಾರವೂ ಮೆಷಿನ್ ಕೆಲಸಕ್ಕೆ ಹೋಗಿದ್ದ ಇವರು ಕಾರ್ಖಾನೆಯಿಂದ ಓಡುತ್ತಲೇ ಬಂದರು. "ಇರ್ತಾರಂತೆ ಕಣೇ! ಮೆಷಿನ್ ಓಡೋವರೆಗೂ ಇರ್ತಾರಂತೆ!" ನನಗೆ ಎದೆಯ ಮೇಲಿಂದ ರುಬ್ಬುವ ಕಲ್ಲು ಇಳಿಸಿದ ಹಾಗಾಯಿತು. ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಜಾಸ್ತಿ ಹಾಕಿಕೊಟ್ಟೆ, ಮೊಟ್ಟೆಯನ್ನೂ ಕ್ಷಮಿಸಿದೆ. ಆಮೇಲೆ, ಮನುಷ್ಯಳಲ್ಲವೆ, ಸ್ವಲ್ಪ ಹೊಗಳಿಕೆ ಬೇಕೆನಿಸಿತು. "ನನ್ನ ಬಗ್ಗೆ ಏನಾದರೂ ಅಂದರಾ?" ಅಂದೆ.

ಇವರು ಕಾಫಿ ಲೋಟದೊಳಗೆ ನೋಡಿದರು. "ಅಂದರು. ಬೇಜಾರು ಮಾಡ್ಕೋಬೇಡ."

ಪಿಳ್ಳಾರಮ್ಮ ಗಂಡನಿಗೆ ಹೇಳಿದ್ದು ಹೀಗಂತೆ: 'ನಾನೇನೋ ಹೊರಟುಬಿಡಬಹುದು. ಆದರೆ ಪಕ್ಕದ ಮನೆಯ ಆ ಬಡಪಾಯಿಯ ಗತಿ ಏನು? ಗಂಡ ಮೂರು ಹೊತ್ತೂ ಕಾರ್ಖಾನೆಯಲ್ಲಿ. ಮಾತಾಡಲು ಯಾರೂ ಇಲ್ಲ. ದಿನಾ ತಿಂಡಿ ತರುವ ನೆಪ ಮಾಡಿಕೊಂಡು ಬರುತ್ತಾಳೆ, ಬಂದವಳು ನಮ್ಮ ಮನೆಯಲ್ಲೇ ಮಲಗುತ್ತಾಳೆ, ಅವಳ ಮನೆಯಲ್ಲಿ ಹಾಸಿಗೆ ಇದೆಯೋ ಇಲ್ಲವೋ. ಬ್ರೆಡ್ ಕೊಟ್ಟರೆ ಅಳುತ್ತಾಳೆ. ನಾನು ಹೋದರೆ ಅವಳಿಗೆ ಜೊತೆ ಯಾರು?'

"ನನಗೆ ಹಾಸಿಗೆ ಇಲ್ವಂತಾ?" ನಾನು ಕೂಗಿದೆ. "ತವರಿನವರು ಕೊಟ್ಟ ಬೀಟೆ ಮಂಚ ಇದೆ! ಈಗಲೇ ಕರೆದು ತೋರಿಸ್ತೀನಿ!"

"ತೋರಿಸು" ಅಂದರು ಇವರು ಮೆಲ್ಲಗೆ. "ತೋರಿಸಿದ ಮೇಲೆ ಅವರು ನಿಶ್ಚಿಂತೆಯಿಂದ ಊರಿಗೆ ಹೋಗ್ತಾರೆ."

ನಾನು ಕೂತುಬಿಟ್ಟೆ. ಸೋಮವಾರ ಮಧ್ಯಾಹ್ನ ಮನೆಗೆ ಬೀಗ ಹಾಕಿ, ಮುಖವನ್ನು ಆದಷ್ಟು ದಿಕ್ಕಿಲ್ಲದವಳ ಹಾಗೆ ಮಾಡಿಕೊಂಡು ಅವಳ ಬಾಗಿಲು ತಟ್ಟಿದೆ. ಚಾಪೆಯ ಜಾಗದಲ್ಲಿ ನನಗಾಗಿ ಒಂದು ಹೊಸ ಹಾಸಿಗೆ ಬಂದಿತ್ತು. ಅವಳು ನನ್ನ ಕೆನ್ನೆ ಸವರಿ ಒಳಗೆ ಕರೆದುಕೊಂಡಳು. ಮೆಷಿನ್ ಓಡುವವರೆಗೂ ದಿನಾ ಹಾಗೇ ಹೋದೆ. ಆ ಮುಖ ಮಾಡಿಕೊಳ್ಳಲು ನನಗೆ ಒಂದು ದಿನವೂ ಕಷ್ಟವಾಗಲಿಲ್ಲ ಅನ್ನುವುದೊಂದೇ ಈಗಲೂ ಸ್ವಲ್ಪ ಚುಚ್ಚುತ್ತದೆ.